ಜೈಲಿನ ಪಟ್ಟಿಯಲ್ಲಿ ನಾನು ಹಾರಿಸಿ ಓದಿದ ಹೆಸರು

ಮಾನ್ಯ ಜೈಲರ್ ಸಾಹೇಬರೇ,

ನಮ್ಮ ಕೌಂಟಿಯ ಹಳೆಯ ಜೈಲಿನ ಹಿಂಗೋಡೆ ಒಡೆದು ಹನ್ನೊಂದು ಕೈದಿಗಳು ಗುಡ್ಡ ಹತ್ತಿ ಓಡಿದಾಗ, ಅಷ್ಟೂ ಜನರನ್ನು ಒಂದೇ ಹಗ್ಗಕ್ಕೆ ಕಟ್ಟಿ ಮಧ್ಯಾಹ್ನದ ಊಟದ ಹೊತ್ತಿಗೆ ವಾಪಸು ತಂದು ಒಪ್ಪಿಸಿದವನು ನಾನು. ಒಬ್ಬನೇ. ಹಗ್ಗವೂ ನನ್ನದೇ. ಈ ಸಂಗತಿ ನಿಮ್ಮ ಕಡತದಲ್ಲಿ ಸಿಗದಿದ್ದರೆ ಗಾಬರಿಯಾಗಬೇಡಿ. ನಿಮ್ಮ ಕಡತದ ಗುಣವೇ ಅಂಥದು: ಇರಬೇಕಾದ್ದು ಅಲ್ಲಿ ಇರುವುದಿಲ್ಲ, ಹೋಗಬೇಕಾದ್ದು ಅಲ್ಲಿಂದ ಹೋಗುವುದಿಲ್ಲ. ನನ್ನ ದೂರು ಈ ಎರಡನೆಯದರ ಬಗ್ಗೆ.

ನನ್ನ ತಂಗಿಯ ಮಗಳು ರೇಲೀನ್ ಮೇಲಿದ್ದ ಕೇಸನ್ನು ನ್ಯಾಯಾಧೀಶರು ವಜಾ ಮಾಡಿ ಇವತ್ತಿಗೆ ಒಂಬತ್ತು ದಿನ. ನಿಮ್ಮ ಜೈಲಿನ ವೆಬ್‌ಸೈಟಿನಲ್ಲಿ ಅವಳ ಮುಖ ಇನ್ನೂ ಇದೆ. ಮುಖದ ಕೆಳಗೆ ‘ಬಂಧಿತೆ’ ಎಂದು ಇದೆ. ಅವಳಿಗೆ ಕೆಲಸ ಕೊಡುತ್ತೇವೆಂದ ವೃದ್ಧರ ಆರೈಕೆ ಕೇಂದ್ರದ ಮೇಲ್ವಿಚಾರಕಿ ದಿನಾ ಬೆಳಿಗ್ಗೆ ಆ ಪುಟ ತೆರೆದು ನೋಡುತ್ತಾರೆ, ಮುಖ ಕಾಣುತ್ತದೆ, ಮುಚ್ಚುತ್ತಾರೆ. ಪುಟ ಶುದ್ಧವಾದ ದಿನ ಕೆಲಸಕ್ಕೆ ಬಾ, ಮೂವತ್ತನೇ ತಾರೀಕಿನವರೆಗೆ ಕಾಯುತ್ತೇವೆ, ಆಮೇಲೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದಾರೆ. ಇವತ್ತು ಹದಿನೆಂಟು.

ನಾನು ಯಾರೆಂದು ನಿಮಗೆ ಗೊತ್ತಿರಲೇಬೇಕು. ಕಳೆದ ಜೈಲರ್ ಚುನಾವಣೆಯಲ್ಲಿ ನಿಮ್ಮ ಹೆಸರಿನ ಫಲಕವನ್ನು ಅಂಗಳದಲ್ಲಿ ನೆಟ್ಟುಕೊಂಡಿದ್ದೆ. ನಿಮ್ಮ ಎದುರಾಳಿಯದನ್ನೂ ನೆಟ್ಟಿದ್ದೆ ನಿಜ, ಆದರೆ ರಸ್ತೆಯ ಕಡೆಗೆ ಇದ್ದದ್ದು ನಿಮ್ಮದು. ಓದಿದ್ದು ನಮ್ಮ ಕಣಿವೆಯ ಎರಡು ಕೋಣೆಯ ಶಾಲೆಯಲ್ಲಿ, ಎಂಟನೇ ತರಗತಿವರೆಗೆ. ಆದರೆ ಗಟ್ಟಿಯಾಗಿ ಓದುವುದರಲ್ಲಿ ನನ್ನನ್ನು ಮೀರಿಸಿದವರು ಈ ಕೌಂಟಿಯಲ್ಲಿ ಹುಟ್ಟಿಲ್ಲ. ಅದಕ್ಕೇ ಹೆದ್ದಾರಿಯ ಪೆಟ್ರೋಲ್ ಬಂಕಿನೊಳಗೆ ವನೆಟ್ಟ ನಡೆಸುವ ಕಾಫಿ ಕೌಂಟರಿನಲ್ಲಿ, ಆರು ವರ್ಷಗಳಿಂದ ದಿನಾ ಬೆಳಿಗ್ಗೆ ಏಳಕ್ಕೆ ನಿಮ್ಮ ಜೈಲಿನ ಪಟ್ಟಿಯನ್ನು ಓದಿ ಹೇಳುವ ಗೌರವ ನನ್ನದು. ಹೆಸರು, ವಯಸ್ಸು, ಆರೋಪ, ಜಾಮೀನಿನ ಮೊತ್ತ, ಹಿಡಿದ ಅಧಿಕಾರಿ, ದಾಖಲೆ ಸಂಖ್ಯೆ, ಪಕ್ಕದಲ್ಲಿ ಫೋಟೋ. ನೀವು ಬರೆದದ್ದಷ್ಟನ್ನೇ ಓದಿದರೆ ಕಾಫಿ ತಣ್ಣಗಾಗುತ್ತದೆ ಎಂದು ನನ್ನ ಕೈಯಿಂದಲೂ ಸ್ವಲ್ಪ ಸೇರಿಸುತ್ತಿದ್ದೆ.

“ಏನ್ ಡೆಲ್ಮಸಣ್ಣ, ಇವತ್ತು ಎಷ್ಟ್ ಜನ ಒಳಗೆ?” ಎಂದು ವನೆಟ್ಟ ಕೇಳಿದರೆ ಸಭೆ ಶುರುವಾಯಿತೆಂದು ಅರ್ಥ.

ಹೋದ ವರ್ಷ ನನ್ನ ಗೆಳೆಯ ವರ್ಲಿನ್‌ನ ಮಗ, ಕುಡಿದ ಮತ್ತಿನಲ್ಲಿ, ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯ ಮೇಲೆ ಹೆದ್ದಾರಿಯಲ್ಲಿ ಹೊರಟು ಸಿಕ್ಕಿಬಿದ್ದ. ಅವತ್ತು ನಾನು ಓದಿದ್ದನ್ನು ಜನ ಇನ್ನೂ ನೆನೆಯುತ್ತಾರೆ. ಗಾಡಿಯ ಸದ್ದು ಮಾಡಿದೆ, ಪೊಲೀಸ್ ಸೈರನ್ ಮಾಡಿದೆ, ಗಾಡಿ ತಿರುವಿನಲ್ಲಿ ಕೆಮ್ಮಿದ್ದನ್ನೂ ಮಾಡಿದೆ. ವರ್ಲಿನ್ ಅಲ್ಲೇ ಕೂತಿದ್ದ. ಎಲ್ಲರ ಜೊತೆ ನಕ್ಕ. ಆಮೇಲೆ ಎರಡು ವಾರ ಅವನು ಕಾಫಿಗೆ ಬರಲಿಲ್ಲ. ಬೆನ್ನುನೋವೆಂದ. ಇರಬಹುದು ಎಂದುಕೊಂಡೆ.

ಈಗ ನನ್ನ ದೂರು ಹುಟ್ಟಿದ ಆ ಗುರುವಾರಕ್ಕೆ ಬರುತ್ತೇನೆ. ಎಂದಿನಂತೆ ಕೌಂಟರಿಗೆ ಒರಗಿ, ಗಂಟಲು ಸರಿಮಾಡಿಕೊಂಡು, ಫೋನು ತೆರೆದೆ. ಒಂಬತ್ತು ಹೆಸರಿದ್ದವು. ನಾಲ್ಕನೆಯದು ರೇಲೀನ್ ಫೇ, ಇಪ್ಪತ್ನಾಲ್ಕು ವರ್ಷ. ಆರೋಪ: ಕೋರ್ಟಿಗೆ ಹಾಜರಾಗದಿರುವುದು. ಕಾರಿನ ನಂಬರ್ ಫಲಕಕ್ಕೆ ವರ್ಷವರ್ಷ ಅಂಟಿಸುವ ನೋಂದಣಿ ಚೀಟಿಯ ಅವಧಿ ಮುಗಿದದ್ದಕ್ಕೆ ಬಂದಿದ್ದ ಕೇಸಂತೆ. ಸಮನ್ಸ್ ಅವಳು ಕೆಲವು ತಿಂಗಳು ಬಾಡಿಗೆಗಿದ್ದ ಹಳೆಯ ವಿಳಾಸಕ್ಕೆ ಹೋಗಿತ್ತು. ಚೀಟಿಯನ್ನು ಅವಳು ಆಗಲೇ ಕೊಂಡು ಅಂಟಿಸಿದ್ದಳು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಆ ಕ್ಷಣಕ್ಕೆ ಗೊತ್ತಾದದ್ದು ಇಷ್ಟೇ: ಅವಳಮ್ಮ ತೀರಿಕೊಂಡ ಮೇಲೆ ಹತ್ತು ವರ್ಷ ನನ್ನ ಮನೆಯಲ್ಲಿ ಬೆಳೆದ ಹುಡುಗಿ, ಹಿಂದಿನ ಸಂಜೆ ಗೆಳತಿಯ ಮನೆಯಲ್ಲಿ ಉಳಿದಿದ್ದಾಳೆಂದು ನಾನು ತಿಳಿದಿದ್ದವಳು, ನಿಮ್ಮ ಬೂದುಬಣ್ಣದ ಗೋಡೆಗೆ ಬೆನ್ನು ಕೊಟ್ಟು ನನ್ನನ್ನೇ ನೋಡುತ್ತಿದ್ದಳು.

ಮೂರನೆಯ ಹೆಸರು ಓದಿದೆ. ಐದನೆಯದಕ್ಕೆ ಹೋದೆ.

“ಎಂಟೇ ಜನ ಇವತ್ತು,” ಎಂದೆ.

“ಎಂಟೇನಾ?” ಎಂದಳು ವನೆಟ್ಟ.

“ಎಂಟೇ.”

ಅವಳು ನನ್ನ ಲೋಟಕ್ಕೆ ಮತ್ತೆ ಕಾಫಿ ತುಂಬಿಸಿದಳು. ದುಡ್ಡು ತಗೊಳ್ಳಲಿಲ್ಲ. ನನ್ನ ಜನಪ್ರಿಯತೆ ಬಗ್ಗೆ ನನಗೇ ಹೆಮ್ಮೆಯಾಯಿತು. ಹೊಟ್ಟೆ ಸರಿಯಿಲ್ಲವೆಂದು ಹೇಳಿ ಮನೆಗೆ ಓಡಿದೆ.

ಬಾಗಿಲು ತೆಗೆಯುವಾಗಲೇ ಮನೆಯ ಫೋನ್ ಬಡಿದುಕೊಳ್ಳುತ್ತಿತ್ತು. “ಡೆಲ್ಮಸ್ ಐಸನ್ ಅವರಾ? ಜೈಲಿಂದ ಸಾರ್ಜೆಂಟ್ ಮಾತಾಡ್ತಿರೋದು. ನಿಮ್ಮ ವಿಳಾಸದಲ್ಲಿರೋ ರೇಲೀನ್ ಫೇ ನಮ್ ಹತ್ರ ಇದಾರೆ.” ವಯಸ್ಸು ಹೇಳಿದ, ಆರೋಪ ಹೇಳಿದ, ಹಿಡಿದ ಅಧಿಕಾರಿಯ ಹೆಸರು ಹೇಳಿದ, ದಾಖಲೆ ಸಂಖ್ಯೆಯ ಎಂಟೂ ಅಂಕಿ ಹೇಳಿದ. ಜಾಮೀನು, ನಿಗಾ ಇಡಲು ಕಾಲಿಗೆ ಕಟ್ಟುವ ಯಂತ್ರದ ಬಾಡಿಗೆ, ಕಾಗದಪತ್ರದ ಖರ್ಚು ಎಲ್ಲ ಸೇರಿ ಇಷ್ಟು ಕಟ್ಟಿದರೆ ಮಧ್ಯಾಹ್ನಕ್ಕೆ ಬಿಡುತ್ತೇವೆ, ಇಲ್ಲದಿದ್ದರೆ ಸೋಮವಾರದವರೆಗೆ ಒಳಗೇ ಎಂದ. ಕಚೇರಿಯ ಯಂತ್ರ ಕೆಟ್ಟಿದೆ, ಅಂಗಡಿಯಿಂದ ಅಷ್ಟು ದುಡ್ಡಿನ ಗಿಫ್ಟ್ ಕಾರ್ಡ್ ತಂದು ಅದರ ಮೇಲಿನ ಸಂಖ್ಯೆ ಓದಿ ಹೇಳಿದರೆ ಸಾಕು ಎಂದ.

ನಾನೇನು ಪೆದ್ದನೇ? ಕೇಳಿಯೇ ಬಿಟ್ಟೆ: “ನೀನು ಜೈಲಿನವನೇ ಅಂತ ನಂಗೇನ್ ಗ್ಯಾರಂಟಿ?”

“ಇಷ್ಟೆಲ್ಲಾ ವಿವರ ಜೈಲಿನವರಿಗೆ ಬಿಟ್ರೆ ಇನ್ಯಾರಿಗ್ ಗೊತ್ತಿರತ್ತೆ ಹೇಳಿ ಸಾರ್?”

“ಅದೂ ಹೌದು,” ಎಂದೆ.

ಜೈಲರ್ ಸಾಹೇಬರೇ, ಆ ವಿವರಗಳನ್ನು ಅರ್ಧ ಗಂಟೆ ಹಿಂದೆ ಒಂದು ಕಾಫಿ ಕೌಂಟರಿನಲ್ಲಿ ನಿಂತು ನಾನೇ ನನ್ನ ಕಣ್ಣಾರೆ ಓದಿದ್ದೆ. ಆರು ವರ್ಷಗಳಿಂದ ಇಡೀ ಕೌಂಟಿಗೆ ಅಂಥ ವಿವರಗಳನ್ನು ಗಟ್ಟಿಯಾಗಿ ಹಂಚಿದವನಿಗೆ, ಅವು ಬೇರೆಯವರಿಗೂ ಸಿಗುತ್ತವೆ, ಹೆಸರೊಂದು ಸಿಕ್ಕರೆ ಮನೆಯ ವಿಳಾಸ, ಫೋನ್ ಸಂಖ್ಯೆಯೂ ಇಂಟರ್ನೆಟ್ಟಿನಲ್ಲಿ ಸಿಗುತ್ತವೆ ಎಂಬುದು ಹೊಳೆಯಲಿಲ್ಲ. ನಾನು ಕಳೆದುಕೊಂಡದ್ದು ದೊಡ್ಡ ಮೊತ್ತವೇನಲ್ಲ, ಒಂದು ನಲವತ್ತು ಡಾಲರ್ ಇರಬಹುದು.

ಫೋನ್ ಇಡಬಾರದು, ಮಾತು ಮುಂದುವರಿಸುತ್ತಲೇ ಇರಬೇಕು ಎಂದ. ಮೊಬೈಲ್ ಸಂಖ್ಯೆ ಕೇಳಿ ಅದಕ್ಕೇ ಮಾಡಿದ. ಕಾರ್ಡುಗಳು ವನೆಟ್ಟಳ ಅಂಗಡಿಯಲ್ಲೂ ಇವೆ. ಆದರೆ ಅಲ್ಲಿ ಕೊಂಡರೆ ಸುದ್ದಿಯಾಗುತ್ತದೆ ಎಂದು ಇಪ್ಪತ್ತೆರಡು ಮೈಲಿ ದೂರದ ಪೇಟೆಗೆ ಹೊರಟೆ. ದಾರಿ ಯಾವುದು? ನಿಮ್ಮ ಜೈಲಿನ ಮುಂದಿನದೇ. ಹುಡುಗಿ ಆ ಗೋಡೆಯೊಳಗಿದ್ದಳು, ನಾನು ಆ ಗೋಡೆಯ ಮುಂದೆ ಗಂಟೆಗೆ ಮೂವತ್ತು ಮೈಲಿಯ ವೇಗದಲ್ಲಿ ಹಾದುಹೋದೆ, ಕಿವಿಯಲ್ಲಿ ನಿಮ್ಮ ಸಾರ್ಜೆಂಟನನ್ನು ಇಟ್ಟುಕೊಂಡು. ನಿಲ್ಲಿಸಿ ಒಳಗೆ ಹೋಗಿ ಒಂದು ಮಾತು ಕೇಳಲು ಏನಾಗಿತ್ತು ಎನ್ನುತ್ತೀರಿ. ನನ್ನ ಹಸಿರು ಟ್ರಕ್ಕನ್ನು ಈ ಕೌಂಟಿಯಲ್ಲಿ ಕುರುಡರೂ ಗುರುತಿಸುತ್ತಾರೆ. ಅದು ಜೈಲಿನ ಅಂಗಳದಲ್ಲಿ ಕಂಡರೆ ಮರುದಿನ ಬೆಳಿಗ್ಗೆ ಏಳಕ್ಕೆ ಏನಾಗುತ್ತದೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪೇಟೆಯ ಅಂಗಡಿಯಲ್ಲಿ, ಗಲ್ಲಾಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದ ಎಚ್ಚರಿಕೆ ಅಂಟಿಸಿದ್ದರು. ಓದುವುದರಲ್ಲಿ ನಿಸ್ಸೀಮನಾದ ನಾನು ಅದೊಂದನ್ನು ಓದಲಿಲ್ಲ. ಗಲ್ಲಾದಲ್ಲಿದ್ದ ನನ್ನ ವಯಸ್ಸಿನ ಹೆಂಗಸು ನಾಲ್ಕು ಕಾರ್ಡುಗಳನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದಳು: “ಯಾರಾದ್ರೂ ಫೋನ್ ಮಾಡಿ ತಗೊಳ್ಳಿ ಅಂದ್ರಾ ಯಜಮಾನ್ರೇ?”

“ಇಲ್ಲಮ್ಮ, ಮೊಮ್ಮಕ್ಕಳ ಹುಟ್ಟಿದಬ್ಬ.”

“ನಾಲ್ಕೂ ಜನದ್ದು ಒಂದೇ ದಿನಾನಾ?”

“ಎರಡು ಜೊತೆ ಅವಳಿ,” ಎಂದೆ. ನನಗೆ ಮದುವೆಯೇ ಆಗಿಲ್ಲ.

ಟ್ರಕ್ಕಿನಲ್ಲಿ ಕೂತು, ಕಾಸಿನ ಅಂಚಿನಿಂದ ಕೆರೆದು, ನಾಲ್ಕೂ ಕಾರ್ಡಿನ ಸಂಖ್ಯೆಗಳನ್ನು ನಿಧಾನವಾಗಿ, ಸ್ಪಷ್ಟವಾಗಿ, ಗಟ್ಟಿಯಾಗಿ ಓದಿ ಹೇಳಿದೆ. ನನ್ನ ಓದು ಹಿಂದೆಂದಾದರೂ ಅಷ್ಟು ಚೆನ್ನಾಗಿ ಬಂದದ್ದು ನನಗೆ ನೆನಪಿಲ್ಲ. “ಥ್ಯಾಂಕ್ಸ್ ಸಾರ್” ಎಂದು ಅವನು ಫೋನ್ ಇಟ್ಟ. ಮೊದಲು ನಲವತ್ತು ಡಾಲರ್ ಎಂದದ್ದು ಸ್ವಲ್ಪ ಕಡಿಮೆ ಹೇಳಿದಂತಾಯಿತು. ಇನ್ನೂರರ ಆಸುಪಾಸು ಎಂದು ತಿಳಿಯಿರಿ.

ಆಗ ಧೈರ್ಯವಾಗಿ ನಿಮ್ಮ ಜೈಲಿಗೆ ಬಂದೆ. ಗಾಜಿನ ಕಿಟಕಿಯ ಹಿಂದಿನ ನಿಮ್ಮ ಸಿಬ್ಬಂದಿ ತಲೆಯೆತ್ತದೆ ಹೇಳಿದರು: “ಆ ಹುಡುಗೀನ ಜಡ್ಜು ಬೆಳಿಗ್ಗೇನೇ ಬಿಟ್ರಲ್ಲ. ಬರೀ ಸಹಿ ಮೇಲೆ. ಒಂದ್ ಪೈಸೆ ಇಲ್ಲ. ನಾವ್ ಯಾರಿಗೂ ಫೋನ್ ಮಾಡಲ್ಲ ಯಜಮಾನ್ರೇ, ಮಾಡೋಕೆ ಪುರಸೊತ್ತೂ ಇಲ್ಲ.”

ಮನೆಗೆ ಬಂದರೆ ಜಗಲಿಯ ಮೆಟ್ಟಿಲ ಮೇಲೆ ರೇಲೀನ್ ಕೂತಿದ್ದಳು, ಪಕ್ಕದಲ್ಲಿ ವರ್ಲಿನ್. ಹೆದ್ದಾರಿಯ ಅಂಚಿನಲ್ಲಿ ಒಬ್ಬಳೇ ನಡೆದು ಬರುತ್ತಿದ್ದವಳನ್ನು ಅವನೇ ನೋಡಿ ಹತ್ತಿಸಿಕೊಂಡು ಬಂದಿದ್ದ.

“ಎಲ್ ಹೋಗಿದ್ದೆ ಮಾವ? ಜೈಲಿಂದ ಮೂರ್ ಸಲ ಮಾಡ್ದೆ. ಮನೇಲಿ ಎತ್ಲಿಲ್ಲ. ಮೊಬೈಲ್ ಮೂರ್ ಸಲಾನೂ ಬ್ಯುಸಿ.”

ಬ್ಯುಸಿಯಾಗಿಯೇ ಇದ್ದೆ. ಅವಳನ್ನು ಬಿಡಿಸುತ್ತಿದ್ದೆ.

ಅವಳು ಒಳಗೆ ಹೋದ ಮೇಲೆ ವರ್ಲಿನ್ ಹೇಳಿದ: “ಬೆಳಿಗ್ಗೆ ಪಟ್ಟಿ ನಾವೆಲ್ಲ ನೋಡಿದ್ವಿ ಕಣೋ. ನೀನು ಬರೋದಕ್ ಮುಂಚೇನೇ.”

“ಮತ್ತೆ ಯಾರೂ ಬಾಯ್ ಬಿಡ್ಲಿಲ್ಲ?”

“ನೀನು ಓದ್ಲಿಲ್ಲ. ನಾವ್ ಯಾಕ್ ಓದಣ?”

ಫೋನಿನ ವಿಷಯವನ್ನು ಅವನೊಬ್ಬನಿಗೆ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. “ಸಾರ್ಜೆಂಟ್ ಅಂದ್ನಾ?” ಎಂದ. “ಯಂತ್ರ ಕೆಟ್ಟಿದೆ ಅಂದ್ನಾ?”

“ನಿಂಗೆ ಹೆಂಗೋ ಗೊತ್ತು?”

ಅವನು ತನ್ನ ಬೂಟಿನ ದಾರ ನೋಡುತ್ತಲೇ ಹೇಳಿದ. ಮಗ ಹುಲ್ಲಿನ ಗಾಡಿ ಓಡಿಸಿ ಒಳಗೆ ಹೋದ ವಾರ, ನಾನು ಸದ್ದು ಮಾಡಿ ಓದಿದ ವಾರ, ಅವನಿಗೂ ಅದೇ ಫೋನ್ ಬಂದಿತ್ತು.

“ಲೋ, ಒಂದ್ ಮಾತು ಹೇಳ್ಬಾರ್ದಿತ್ತಾ? ನಾವು ಹುಷಾರಾಗ್ತಿದ್ವಲ್ಲ!”

“ಯಾರಿಗ್ ಹೇಳ್ಲೋ?” ಎಂದ ವರ್ಲಿನ್. “ನಿಂಗಾ?”

ಹನ್ನೊಂದು ಕೈದಿಗಳನ್ನು ಕಟ್ಟಿ ತಂದವನು ನಾನು, ಎದ್ದು ಒಳಗೆ ಹೋಗಿ ಅವನಿಗೊಂದು ಲೋಟ ಕಾಫಿ ತಂದುಕೊಟ್ಟೆ.

ನನ್ನ ಪಾಲಿನ ತಪ್ಪು ಒಪ್ಪಿಕೊಂಡಾಯಿತು. ಈಗ ನಿಮ್ಮ ಪಾಲಿಗೆ ಬರೋಣ. ಕೇಸು ವಜಾ ಆದ ಆದೇಶವನ್ನು ಹಿಡಿದು ನಿಮ್ಮ ಕಿಟಕಿಗೆ ಬಂದೆ. ಅದು ಕೋರ್ಟಿನ ವಿಷಯ, ಅಲ್ಲಿ ಕೇಳಿ ಎಂದರು. ಕೋರ್ಟಿನ ಗುಮಾಸ್ತರು, ಪುಟ ಜೈಲಿನದು, ಅಲ್ಲಿ ಕೇಳಿ ಎಂದರು. ಮತ್ತೆ ನಿಮ್ಮ ಕಿಟಕಿಗೆ ಬಂದೆ. ಪುಟ ನಡೆಸುವುದು ಬೇರೆ ರಾಜ್ಯದ ಕಂಪನಿ ಎಂದು ಒಂದು ಸಂಖ್ಯೆ ಕೊಟ್ಟರು. ಅಲ್ಲಿ ಮಾತಾಡುವುದು ಯಂತ್ರ. ಕೈದಿಗೆ ದುಡ್ಡು ಹಾಕಲು ಒಂದು ಒತ್ತಿ, ಕೈದಿಯ ಜೊತೆ ಮಾತಾಡಲು ಎರಡು ಒತ್ತಿ ಎಂದಿತು. ಕೈದಿಯಲ್ಲದವಳಿಗೆ ಯಾವುದನ್ನು ಒತ್ತಬೇಕು? ಹುಡುಗಿಯನ್ನು ಹಿಡಿದ ಸುದ್ದಿ ಪುಟಕ್ಕೆ ಏರಲು ನಿಮಗೆ ನಲವತ್ತು ನಿಮಿಷ ಬೇಕಾಯಿತು, ನಾನು ಗಂಟೆ ಸಮೇತ ನೋಡಿದ್ದೇನೆ. ಇಳಿಯಲು ತೊಂಬತ್ತು ದಿನವಂತೆ, ಅದು ನಿಯಮವಂತೆ. ಬಂದದ್ದನ್ನು ಬರೆಯಲು ಏಳು ಅಂಕಣ ಮಾಡಿದ್ದೀರಿ. ಹೋದದ್ದನ್ನು ಬರೆಯಲು ಎಂಟನೆಯದೊಂದನ್ನು ಮಾಡಿದ್ದರೆ ಪರದೆ ಒಡೆದುಹೋಗುತ್ತಿತ್ತೇ?

ಪಟ್ಟಿಯನ್ನೇ ಮುಚ್ಚಿಬಿಡಿ ಎಂದು ನಾನು ಕೇಳುತ್ತಿಲ್ಲ. ನನ್ನ ಅಜ್ಜನನ್ನು ಗಣಿ ಮುಷ್ಕರದ ವರ್ಷ ಕಂಪನಿಯ ಕಾವಲುಗಾರರು ಎತ್ತಿಕೊಂಡು ಹೋದಾಗ, ಅವನು ಯಾವ ಜೈಲಿನಲ್ಲಿದ್ದಾನೆಂದು ಅಜ್ಜಿಗೆ ಹನ್ನೆರಡು ದಿನ ಗೊತ್ತಿರಲಿಲ್ಲ. ಮೂರು ಕೌಂಟಿಗಳ ಜೈಲಿನ ಬಾಗಿಲಿಗೆ ನಡೆದುಹೋಗಿ ಅವಳು ಅವನ ಹೆಸರು ಕೂಗಿದ್ದಳು. ಆದ್ದರಿಂದ ಪಟ್ಟಿ ಇರಬೇಕು. ಒಳಗಿರುವವರು ಯಾರೆಂದು ಹೊರಗಿರುವವರಿಗೆ ತಿಳಿಯಬೇಕು. ಅದು ಹುಡುಕುವವರಿಗಾಗಿ ಮಾಡಿದ ಪಟ್ಟಿ. ಅದನ್ನು ಕಾಫಿಗೆ ನೆಂಚಿಕೊಂಡವನು ನಾನು, ಗಾಳಕ್ಕೆ ಸಿಕ್ಕಿಸಿದವನು ಆ ಸಾರ್ಜೆಂಟ್, ಎರಡಕ್ಕೂ ಹೀಗೆ ಬಾಗಿಲು ತೆರೆದಿಟ್ಟು ಹೋದವರು ನೀವು.

ನನ್ನ ಬೇಡಿಕೆ ಇಷ್ಟು. ಕೇಸು ವಜಾ ಆದವರ ಫೋಟೋವನ್ನು ಆ ಆದೇಶ ಬಂದ ದಿನವೇ ಇಳಿಸಿ. ಪುಟದ ನೆತ್ತಿಯ ಮೇಲೆ, ಫೋಟೋಗಳಿಗಿಂತ ದೊಡ್ಡದಾಗಿ, ‘ಈ ಜೈಲು ಯಾರಿಗೂ ಫೋನ್ ಮಾಡಿ ದುಡ್ಡು ಕೇಳುವುದಿಲ್ಲ’ ಎಂದು ಬರೆಸಿ. ಇವೆರಡಕ್ಕೂ ಸಭೆ, ಸಮಿತಿ, ಕಂಪನಿ ಬೇಕಾದರೆ ಆಮೇಲೆ ಮಾಡಿಕೊಳ್ಳಿ. ಆದರೆ ರೇಲೀನ್‌ಳ ಮುಖವನ್ನು ಮೂವತ್ತನೇ ತಾರೀಕಿನೊಳಗೆ ಇಳಿಸಲೇಬೇಕು. ಮುದುಕರ ಬಾಯಿಗೆ ಚಮಚ ಹಿಡಿಯುವ ಕೆಲಸಕ್ಕೆ ಅವಳು ಹೊಸ ಬಿಳಿ ಬೂಟು ತಂದಿಟ್ಟುಕೊಂಡಿದ್ದಾಳೆ. ಜೈಲಿನಿಂದ ಹೆದ್ದಾರಿಯಲ್ಲಿ ನಡೆದು ಬಂದದ್ದು ಅದೇ ಬೂಟಿನಲ್ಲಿ. ದಿನಾ ಸಂಜೆ ಅದನ್ನು ಒರೆಸಿಡುತ್ತಾಳೆ.

ಈ ಪತ್ರ ನಮ್ಮ ವಾರಪತ್ರಿಕೆಗೆ ಹೋಗಿದೆ. ನಾಳೆ ಬೆಳಿಗ್ಗೆ ಏಳಕ್ಕೆ ವನೆಟ್ಟಳ ಕೌಂಟರಿನಲ್ಲಿ ನಾನೇ ಇದನ್ನು ಓದುತ್ತೇನೆ, ಸದ್ದು ಮಾಡದೆ, ಒಂದು ಸಾಲೂ ಹಾರಿಸದೆ. ವರ್ಲಿನ್‌ನ ಹೆಸರು ಬರುವ ಕಡೆ ಅವನ ಒಪ್ಪಿಗೆ ಕೇಳಿದ್ದೇನೆ. “ಓದು. ಇನ್ನೊಬ್ಬನಾದ್ರೂ ಉಳ್ಕೊಳ್ಳಲಿ,” ಎಂದ. ಅವನ ಮೊತ್ತ ಅವನಿಗೆ ಬಿಟ್ಟದ್ದು. ನನ್ನದನ್ನು ಕೆಳಗೆ, ನಿಮ್ಮ ಪುಟದ ಮಾದರಿಯಲ್ಲೇ ಕೊಟ್ಟಿದ್ದೇನೆ. ಅದು ನಲವತ್ತಲ್ಲ, ಇನ್ನೂರೂ ಅಲ್ಲ. ಮೇಲಿನ ಸಾಲಿನ ಹಲ್ಲು ಕಟ್ಟಿಸಿಕೊಳ್ಳಲು ಕಾಫಿ ಡಬ್ಬಿಯಲ್ಲಿ ನಾಲ್ಕು ವರ್ಷ ಕೂಡಿಟ್ಟಿದ್ದು. ನಾಳೆ ಓದುವಾಗ ಕೆಲವು ಅಕ್ಷರ ಗಾಳಿಯಾಗಿ ಹೋದರೆ ಕಾರಣ ಅದೇ.

ಇಂತಿ, ನಿಮ್ಮ ಪಟ್ಟಿಯಲ್ಲಿ ಇರಬೇಕಾಗಿದ್ದೂ ಇಲ್ಲದವನು,

ಹೆಸರು: ಡೆಲ್ಮಸ್ ಐಸನ್
ವಯಸ್ಸು: ಅರವತ್ತೆಂಟು
ಆರೋಪ: ಆರು ವರ್ಷ ಎಲ್ಲರ ಹೆಸರನ್ನೂ ಓದಿ, ಒಂದನ್ನು ಬಿಟ್ಟದ್ದು
ಮೊತ್ತ: ಒಂದು ಸಾವಿರದ ಎಂಟುನೂರ ಅರವತ್ತು ಡಾಲರ್