ಅಕ್ಕ, ಭಾವ ಮತ್ತು ಹನ್ನೆರಡು ಗಾಲಿಕುರ್ಚಿಗಳು

ಗುರುವಾರ, ಮಧ್ಯಾಹ್ನದ ಊಟದ ಹೊತ್ತು
ಕಾರ್ಖಾನೆಯ ಗಾಜಿನ ಕೋಣೆಯಿಂದ

ರೀ,

ಮೊದಲು ‘ಪ್ರೀತಿಯ’ ಎಂದು ಬರೆದೆ. ನಾಚಿಕೆಯಾಗಿ ಆ ಹಾಳೆಯನ್ನೇ ಮುದುರಿ ಎಸೆದೆ. ನನ್ನ ಬಾಯಿಗೆ ಸಲೀಸಾಗಿ ಬರುವುದು ಈ ಒಂದಕ್ಷರವೇ. ಕೂಗದೆ ತಿಂಗಳುಗಳೇ ಆದವು, ಆದರೂ ರೂಢಿ ತಪ್ಪಿಲ್ಲ ನೋಡಿ.

ಫೋನ್ ಇರುವಾಗ ಕಾಗದವೇಕೆ ಎಂದು ನಗಬೇಡಿ. ಫೋನಿನಲ್ಲಿ ‘ಊಟ ಆಯ್ತಾ’, ‘ಆಯ್ತು’ ಮುಗಿದ ಮೇಲೆ ನಾವಿಬ್ಬರೂ ಒಬ್ಬರ ಉಸಿರನ್ನು ಇನ್ನೊಬ್ಬರು ಕೇಳುತ್ತಾ ಕೂರುತ್ತೇವೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಸಂಜೆ ಲಾರಿಯಲ್ಲಿ ನಮ್ಮ ಗಾಲಿಕುರ್ಚಿಗಳ ಚೌಕಟ್ಟುಗಳ ಜೊತೆ ಇದೂ ನಮ್ಮ ಕಂಪನಿಯದೇ ಆದ ನಿಮ್ಮ ಬಣ್ಣ ಬಳಿಯುವ ಕಾರ್ಖಾನೆಗೆ ಬರುತ್ತದೆ. ನಿಮ್ಮ ಕೈಗೇ ಕೊಡಬೇಕು ಎಂದು ಡ್ರೈವರಣ್ಣನಿಗೆ ಎರಡೆರಡು ಸಲ ಹೇಳಿದ್ದೇನೆ.

ಸೋಮವಾರ ನೀವು ಕಳಿಸಿದ ಮೆಸೇಜು ಸಿಕ್ಕಿದೆ. ‘ನನ್ನನ್ನ ಇಲ್ಲೇ ಖಾಯಂ ಮಾಡ್ತಾರಂತೆ. ಶುಕ್ರವಾರದೊಳಗೆ ಹೇಳಬೇಕು. ಏನು ಹೇಳಲಿ?’ ಅಷ್ಟೇ. ಖಾಯಂ ಎಂದರೆ ನೀವು ಅಲ್ಲಿ, ನಾನು ಇಲ್ಲಿ, ಮುಗಿಯಿತು ಕಥೆ. ಇಂಥ ಮಾತಿಗೆ ಅಂಗಡಿಯಿಂದ ಏನು ತರಲಿ ಎನ್ನುವ ಧಾಟಿಯೇ? ಉತ್ತರ ಈ ಕಾಗದದ ಕೊನೆಯಲ್ಲಿದೆ. ಈಗಲೇ ಕೊನೆಯ ಪುಟ ತಿರುಗಿಸಿದರೆ ನನ್ನಾಣೆ.

ನಿನ್ನೆ ನೀವು ಹಲ್ಲು ಕೀಳಿಸಿಕೊಳ್ಳಲು ಹೋಗಿದ್ದಿರಂತೆ. ಹಾಗಾಗಿ ನಡೆದದ್ದನ್ನು ನಿಮಗೆ ನಿಮ್ಮವರು ಅರ್ಧಂಬರ್ಧ ಹೇಳಿರುತ್ತಾರೆ, ಅದೂ ಉಪ್ಪು ಖಾರ ಹಚ್ಚಿ. ಪೂರ್ತಿ ನನ್ನಿಂದ ಕೇಳಿ.

ಅದಕ್ಕೂ ಮೊದಲು ನಿಮ್ಮಮ್ಮನ ಸಮಾಚಾರ. ಮಗನ ಜೊತೆ ಹೋಗದೆ ಸೊಸೆಯ ಜೊತೆ ಉಳಿದ ಅತ್ತೆ ಎಂದು ಅಕ್ಕಪಕ್ಕದ ಮನೆಗಳಲ್ಲಿ ಅವರಿಗೆ ಈಗ ಭಾರಿ ಹೆಸರು. ನಿಜ ಏನೆಂದರೆ ಟಿವಿ ಸದ್ದು ಕಡಿಮೆ ಮಾಡು ಎಂದು ನಾನು ಹೇಳುವುದಿಲ್ಲ, ನೀವು ಹೇಳುತ್ತೀರಿ. ಕಳೆದ ವಾರ ಸೊಪ್ಪು ಬಿಡಿಸುತ್ತಾ, ನೀನು ದಿನವಿಡೀ ಅಲ್ಲಿ ಮಾಡುವುದಾದರೂ ಏನು ಎಂದು ಕೇಳಿದರು. ನಾನು ಹೇಳಿದೆ: ನಮ್ಮಲ್ಲಿ ಒಂದೊಂದು ಯಂತ್ರಕ್ಕೂ ಒಂದೊಂದು ಏಜೆಂಟ್ ಇದೆ, ಕಂಪ್ಯೂಟರಿನೊಳಗೆ ಕೂತ ದಲ್ಲಾಳಿಯ ಹಾಗೆ. ಒಂದು ಕುರ್ಚಿಗೆ ಆರ್ಡರ್ ಬಂದರೆ ಮೇಲಿನಿಂದ ಯಾರೂ ಅಪ್ಪಣೆ ಕೊಡುವುದಿಲ್ಲ. ಕೊಳವೆ ಬಗ್ಗಿಸುವ ಯಂತ್ರ ‘ನನಗೆ ಮೂರು ಗಂಟೆಗೆ ಬಿಡುವು’ ಅನ್ನುತ್ತದೆ, ಬೆಸುಗೆಯ ಯಂತ್ರ ‘ಹಾಗಾದರೆ ನನಗೆ ನಾಲ್ಕಕ್ಕೆ ಕೊಡು’ ಅನ್ನುತ್ತದೆ, ಆಚೆ ಊರಿನ ಬಣ್ಣದ ಯಂತ್ರವೂ ಮಾತಿಗೆ ಸೇರುತ್ತದೆ. ತಮ್ಮತಮ್ಮಲ್ಲೇ ಚೌಕಾಸಿ ಮಾಡಿಕೊಂಡು ಕೆಲಸ ಹಂಚಿಕೊಳ್ಳುತ್ತವೆ. ಯಾವುದು ಎಷ್ಟು ಬಿಗಿಯಾಗಿರಬೇಕು, ಎಷ್ಟು ಬಿಟ್ಟುಕೊಡಬೇಕು ಎಂಬುದನ್ನು ಮಾತ್ರ ನಾನು ಇಲ್ಲಿ, ನಿಮ್ಮ ಮಗ ಅಲ್ಲಿ ಗೊತ್ತುಮಾಡುತ್ತೇವೆ.

“ಅವು ಜಗಳ ಆಡಲ್ವಾ?” ಎಂದರು. ಆಡುತ್ತವೆ, ಒಂದು ಗಳಿಗೆ, ಎಂದೆ.

“ಮಾತು ಬಿಡಲ್ವಾ?”

ಮಾತು ಬಿಟ್ಟರೆ ಕೆಲಸವೇ ನಿಲ್ಲುತ್ತದಲ್ಲ ಅತ್ತೆ, ಎಂದೆ. ಅವರು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಎದ್ದುಹೋದರು. ಅವತ್ತು ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಸ್ವಲ್ಪ ಹೆಚ್ಚೇ ಇತ್ತು.

ಇನ್ನು ನಿನ್ನೆಯ ಪುರಾಣ. ಬ್ಯಾಸ್ಕೆಟ್‌ಬಾಲ್ ತಂಡದ ಹನ್ನೆರಡು ಗಾಲಿಕುರ್ಚಿಗಳು ನಿಮಗೆ ಗೊತ್ತೇ ಇವೆ. ಒಬ್ಬೊಬ್ಬ ಆಟಗಾರ್ತಿಗೆ ಒಂದೊಂದು ಅಳತೆ, ಭಾನುವಾರ ಪಂದ್ಯ. ನಮ್ಮ ಬಗ್ಗಿಸುವ ಯಂತ್ರಕ್ಕೆ ದಪ್ಪ ಕೊಳವೆಗಳೆಲ್ಲ ಒಟ್ಟಿಗೆ ಬಂದರೆ ಅನುಕೂಲ, ಅಚ್ಚು ಬದಲಿಸುವ ಗೋಜಿಲ್ಲ. ನಿಮ್ಮ ಬಣ್ಣದ ಯಂತ್ರಕ್ಕೆ ನೀಲಿಯವೆಲ್ಲ ಒಟ್ಟಿಗೆ ಬಂದರೆ ಅನುಕೂಲ, ಬಣ್ಣ ಸಿಂಪಡಿಸುವ ಗನ್ ತೊಳೆಯುವ ಗೋಜಿಲ್ಲ. ಎರಡೂ ಒಟ್ಟಿಗೆ ಆಗುವ ಮಾತಲ್ಲ, ಅದಕ್ಕೇ ಚೌಕಾಸಿ. ದಿನವೂ ಒಂದು ನಿಮಿಷದೊಳಗೆ ಮುಗಿಯುವಂಥದ್ದು.

ನಿನ್ನೆ ಬೆಳಿಗ್ಗೆ ನಾನು ಬಂದಾಗ ಪರದೆಯ ಮೇಲೆ ಎಲ್ಲ ಹಸಿರು. ಎಲ್ಲ ಯಂತ್ರಗಳೂ ಕ್ಷೇಮ, ಎಲ್ಲವೂ ಸಿದ್ಧ. ಆದರೆ ಒಂದು ಕೊಳವೆಯೂ ಅಲ್ಲಾಡುತ್ತಿಲ್ಲ. ಬೆಸುಗೆ ಹಾಕುವ ನಮ್ಮ ಕಿಡಿಯಣ್ಣ ಮುಖದ ಕವಚ ಎತ್ತಿಕೊಂಡು ಬಂದು, “ಏನಕ್ಕಾ, ಇವತ್ತು ರಜೆ ಅಂತ ನನಗೆ ಯಾರೂ ಹೇಳಲೇ ಇಲ್ವಲ್ಲ” ಎಂದ. ಕರೆಂಟು ನೋಡಿದೆವು, ನೆಟ್‌ವರ್ಕ್ ನೋಡಿದೆವು, ಎಲ್ಲ ಸರಿಯಾಗಿದೆ. ಚಹಾದ ಹೊತ್ತಾದರೂ ಮೊದಲ ಕುರ್ಚಿ ಶುರುವಾಗಲಿಲ್ಲ. ಆಗ ನಮ್ಮ ಮುಖ್ಯಸ್ಥೆ ಬಂದು, ಏಜೆಂಟುಗಳ ಮಾತುಕತೆಯನ್ನೇ ದೊಡ್ಡ ಪರದೆಗೆ ಹಾಕಿಸಿ, ನಿಮ್ಮ ಕಾರ್ಖಾನೆಯವರನ್ನೂ ವಿಡಿಯೊದಲ್ಲಿ ಕರೆದರು.

ನಮ್ಮ ಬಗ್ಗಿಸುವ ಯಂತ್ರದ ಏಜೆಂಟಿಗೆ ಕಿಡಿಯಣ್ಣ ‘ಅಕ್ಕ’ ಎಂದು ಹೆಸರಿಟ್ಟಿರುವುದು ನನ್ನನ್ನು ಹಾಗೆ ಕರೆಯುವುದರಿಂದಲೇ, ನಿಮಗೆ ಗೊತ್ತು. ನಿಮ್ಮ ಬಣ್ಣದ ಯಂತ್ರದ್ದಕ್ಕೆ ಅವನು ಏನು ಹೆಸರಿಟ್ಟಿದ್ದಾನೆ ಎಂದು ನಿಮಗೆ ಈವರೆಗೆ ಹೇಳಿರಲಿಲ್ಲ. ‘ಭಾವ’. ಮುಖ್ಯಸ್ಥೆ ಗಟ್ಟಿಯಾಗಿ ಓದಿದರು. ಅಕ್ಕ ಹೇಳುತ್ತದೆ: ‘ನಿಮ್ಮ ಬಣ್ಣದ ಕ್ರಮ ತಿಳಿಸಿ, ಹಾಗೇ ಬಗ್ಗಿಸುತ್ತೇನೆ.’ ಭಾವ ಹೇಳುತ್ತದೆ: ‘ನಿಮ್ಮ ಕೊಳವೆಯ ಕ್ರಮ ತಿಳಿಸಿ, ಹಾಗೇ ಬಳಿಯುತ್ತೇನೆ.’ ಅಕ್ಕ: ‘ಇಲ್ಲ, ನಿಮಗೆ ಹೇಗೆ ಅನುಕೂಲವೋ ಹಾಗೆ.’ ಭಾವ: ‘ಇಲ್ಲ, ನಿಮಗೆ ಹೇಗೆ ಅನುಕೂಲವೋ ಹಾಗೆ.’ ಪುಟಗಟ್ಟಲೆ ಇದೇ. ಬೆಳಗಿನಿಂದ ಎರಡೂ ಬಾಗಿಲಲ್ಲಿ ನಿಂತು ನೀವು ಮೊದಲು, ನೀವು ಮೊದಲು ಎಂದು ಉಪಚಾರ ಮಾಡುತ್ತಿವೆ. ಒಳಗೆ ಒಬ್ಬರೂ ಹೋಗಿಲ್ಲ.

ಬಿಟ್ಟುಕೊಡುವ ಅಂಕ ಎರಡೂ ಕಡೆ ಐದಿರಬೇಕು, ಅದನ್ನು ಹತ್ತಕ್ಕೆ ಏರಿಸಿದವರು ಯಾರು ಎಂದು ಮುಖ್ಯಸ್ಥೆ ಕೇಳಿದರು. ನಾನು ಕೈ ಎತ್ತಿದೆ. ಏನು ಮಾಡಲಿ? ನೀವು ದಿನಾ ಕೆಲಸ ಮುಗಿಸಿ ತಣ್ಣಗಾದ ಊಟ ಮಾಡುತ್ತೀರಿ, ಬೆಲ್ಟು ಎರಡು ತೂತು ಒಳಗೆ ಹೋಗಿದೆ ಎಂದು ಡ್ರೈವರಣ್ಣ ಹೇಳಿದ್ದ. ನಮ್ಮ ಕಡೆಯಿಂದ ನಿಮಗೆ ಕೆಲಸ ಹಗುರಾಗಲಿ ಎಂದು ಶನಿವಾರ ಏರಿಸಿಬಿಟ್ಟೆ. ಇದನ್ನು ಅಲ್ಲಿ ಹೇಳಲಾಗುತ್ತದೆಯೇ? ಪ್ರಯೋಗ ಮಾಡಿ ನೋಡಿದೆ ಎಂದೆ.

ಆಗ ವಿಡಿಯೊದೊಳಗಿಂದ ನಿಮ್ಮ ಬಣ್ಣದ ಮೇಸ್ತ್ರಿ, ಪಾಪ, ಏನೂ ತಿಳಿಯದವರ ಹಾಗೆ, “ಮೇಡಂ, ನಮ್ಮ ಕಡೇನೂ ಹತ್ತೇ ಇದೆ. ನಮ್ಮ ಸರ್ ನಿನ್ನೆ ಸಂಜೆ ಹಾಕಿದ್ರು. ಅವರೂ ಪ್ರಯೋಗ ಅಂದ್ರು” ಎಂದರು.

ಎರಡು ಊರಿನ ಎರಡು ಕಾರ್ಖಾನೆಗಳು ಒಟ್ಟಿಗೆ ನಕ್ಕವು. ಕಿಡಿಯಣ್ಣ ನೆಲದ ಮೇಲೇ ಕೂತುಬಿಟ್ಟ. ಮುಖ್ಯಸ್ಥೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, “ಸಂಸಾರ ಮನೇಲಿ ಮಾಡ್ರಪ್ಪಾ, ನನ್ನ ಲೈನ್ ಮೇಲೆ ಬೇಡ” ಎಂದರು. ನನ್ನ ಕಿವಿ ಬೆಸುಗೆ ಹಾಕುವಷ್ಟು ಕೆಂಪಾಗಿತ್ತು. ಅಂಕ ಇಳಿಸಿದೆವು, ಮೊದಲ ಕುರ್ಚಿಯನ್ನು ನಾನೇ ಕೈಯಾರೆ ಆರಿಸಿ ಕೊಟ್ಟೆ, ಊಟದ ಹೊತ್ತಿಗೆ ಎಲ್ಲ ಓಡತೊಡಗಿತು. ಇವತ್ತಿನ ಲಾರಿಯಲ್ಲಿ ಹನ್ನೆರಡು ಚೌಕಟ್ಟೂ ಬರುತ್ತಿವೆ. ಪಂದ್ಯಕ್ಕೆ ಏನೂ ತೊಂದರೆಯಿಲ್ಲ.

ತೊಂದರೆ ಆಗಿದ್ದು ನನಗೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಒಂದೇ ಯೋಚನೆ. ಫ್ಯಾನು ಮೂರರಲ್ಲಿರಬೇಕೋ ನಾಲ್ಕರಲ್ಲೋ ಎಂಬುದಕ್ಕೆ ಒಂದು ದಿನವೂ ಸೋಲದ ಮನುಷ್ಯ ನೀವು, ನನಗಾಗಿ ಅಂಕವನ್ನು ಹತ್ತಕ್ಕೆ ಏರಿಸಿದಿರಾ? ಹಠದಲ್ಲಿ ನಾನೇನು ಕಮ್ಮಿಯೇ? ಆ ಊರಿಗೆ ಹೋಗುತ್ತೇನೆಂದು ನೀವು ನನ್ನನ್ನು ಒಂದು ಮಾತು ಕೇಳದೆ ಒಪ್ಪಿಕೊಂಡು ಬಂದಿರಿ. ನಾನು ಇಸ್ತ್ರಿ ಮಾಡುತ್ತಿದ್ದ ಬಟ್ಟೆಯಿಂದ ತಲೆ ಎತ್ತದೆ ‘ಹೋಗಿ’ ಎಂದೆ. ನೀವು ಹೋದಿರಿ. ಆ ‘ಹೋಗಿ’ಗೆ ನಿಜವಾಗಿ ಹೋಗುತ್ತೀರಿ ಎಂದು ನಾನು ಅಂದುಕೊಂಡಿರಲೇ ಇಲ್ಲ. ನೀವಿಲ್ಲದೆ ಈ ಮನೆ ನನಗೆ ಚೆನ್ನಾಗಿಲ್ಲ. ಫ್ಯಾನು ನನಗೆ ಬೇಕಾದ ಹಾಗೆ ತಿರುಗುತ್ತದೆ, ನಿದ್ದೆ ಬರುವುದಿಲ್ಲ.

ಈಗ ಉತ್ತರ. ಖಾಯಂ ಎಂದು ಒಪ್ಪಿಕೊಳ್ಳಿ. ನಿಮ್ಮ ಕಾರ್ಖಾನೆಯಲ್ಲಿ ಜೋಡಣೆ ವಿಭಾಗಕ್ಕೆ ಯೋಜನೆ ಮಾಡುವವರು ಬೇಕಂತೆ. ಇವತ್ತು ಬೆಳಿಗ್ಗೆ ಬಂದವಳೇ ಅದಕ್ಕೆ ವರ್ಗ ಕೇಳಿ ಅರ್ಜಿ ಕೊಟ್ಟೆ. ಮುಖ್ಯಸ್ಥೆ ಓದಿ, ಏನೂ ಕೇಳದೆ, ನಗುತ್ತಾ ಸಹಿ ಹಾಕಿದರು. ಅತ್ತೆಗೆ ಸಂಜೆ ಹೇಳುತ್ತೇನೆ. ಟಿವಿ ಜೊತೆಗೆ ಬರುತ್ತದೆ ಎಂದರೆ ಅವರೂ ಹೊರಡುತ್ತಾರೆ. ಸಾಕಷ್ಟು ಬೆಳಕಿರುವ ಮನೆ ಹುಡುಕಿಡಿ. ನನ್ನನ್ನು ಕೇಳಿ ಹುಡುಕಿ.

ಇಂತಿ,
ಫ್ಯಾನು ಮೂರಕ್ಕೆ ಇಳಿಸಲು ಒಪ್ಪಿದವಳು

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ನಿಮ್ಮಮ್ಮನ ಫೋನ್ ಬಂತು. ಯಾರಿಗೂ ಹೇಳಬೇಡ ಎಂದು ನೀವು ಅವರಿಂದ ಭಾಷೆ ತೆಗೆದುಕೊಂಡಿದ್ದಿರಂತೆ, ಅದಕ್ಕೇ ಮಧ್ಯಾಹ್ನದವರೆಗೆ ತಡೆದುಕೊಂಡಿದ್ದರು. ನಿನ್ನೆ ಹಲ್ಲಿನ ಡಾಕ್ಟರ ಹತ್ತಿರ ಹೋಗುವ ದಾರಿಯಲ್ಲೇ ನೀವು ಖಾಯಂ ಬೇಡ, ವಾಪಸ್ಸು ಮನೆಗೆ ಕಳಿಸಿ ಎಂದು ಬರೆದುಕೊಟ್ಟು ಬಂದಿದ್ದೀರಂತೆ! ಹಾಗಾದರೆ ನೀವು ಇಲ್ಲಿಗೆ, ನಾನು ಅಲ್ಲಿಗೆ. ನಮ್ಮ ಸಾಮಾನಿನ ಲಾರಿಗಳೆರಡು ದಾರಿಯಲ್ಲಿ ಎದುರುಬದುರಾಗಿ ಹಾರನ್ ಹೊಡೆದುಕೊಂಡು ಹೋಗುವುದೊಂದು ಬಾಕಿ. ಈ ಕಡೆ ಗಾಜಿನ ಕೋಣೆಯಲ್ಲಿ ಒಬ್ಬಳೇ ನಗುತ್ತಿದ್ದೇನೆ, ಅಳುತ್ತಲೂ ಇದ್ದೇನೆ, ಕಿಡಿಯಣ್ಣ ಹೊರಗಿನಿಂದ ನೋಡುತ್ತಿದ್ದಾನೆ. ನೀವು ಏನೂ ಮಾಡಬೇಡಿ, ಯಾರಿಗೂ ಇನ್ನೇನೂ ಬರೆದುಕೊಡಬೇಡಿ. ಇದನ್ನು ಓದಿದ ತಕ್ಷಣ ಫೋನ್ ಮಾಡಿ. ‘ಊಟ ಆಯ್ತಾ’ ಎಂದು ಕೇಳಬಾರದು. ಈ ಸಲ ಮೊದಲು ನಾನೇ ಕೇಳುತ್ತೇನೆ: ನಾನು ಬರಲಾ, ನೀವು ಬರ್ತೀರಾ?