ಪಾರ್ಕಿನೊಳಗಿನ ನಮ್ಮ ಮನೆ

ಪಾರ್ಕಿನ ಮ್ಯಾನೇಜರ್ ಸಾಹೇಬರಿಗೆ, ನಿಮ್ಮ ಕಾಂಪೌಂಡಿಗೆ ಹತ್ತಿದ ಮನೆಯ ಶಾರದವ್ವ ಬರೆಯುವುದು.

ನಿಮ್ಮ ಹೊಸ 'ಹಳ್ಳಿ ಮನಿ' ವಿಭಾಗದಲ್ಲಿ ಥೇಟ್ ನಮ್ಮ ಮನೆಯಂಥದೇ ಮನೆ ಕಟ್ಟಲೆಂದು ಅಳತೆ ಒಯ್ದಾಗ ನಾವು ಬೇಡವೆನ್ನಲಿಲ್ಲ. ಅದು ತೆರೆದ ಮೇಲೆ, ರೀಲ್ಸ್ ನೋಡಿ ಬಂದವರು ನಮ್ಮ ಅಡುಗೆಮನೆಗೇ ನುಗ್ಗಿ ರೊಟ್ಟಿ ಕೇಳತೊಡಗಿದರು. ಅದನ್ನೂ ಸಹಿಸಿದೆವು.

ಇವತ್ತಿನದನ್ನು ಮಾತ್ರ ಸಹಿಸಲಾರೆ. ನನ್ನ ಮಗಳು ಶೀತಲ್‌ಳನ್ನು ನೋಡಲು ಮುಂಡರಗಿಯಿಂದ ಗಂಡಿನವರು ಬರುವವರಿದ್ದರು. ಆ ಜನಜಂಗುಳಿಯಲ್ಲಿ ಅವರು, ಮನೆ ಮುಂದೆ ನಿಂತ ಶೀತಲ್‌ಳ ಫೋಟೋ ತೋರಿಸಿ ನಮ್ಮ ಮನೆ ಕೇಳಿದರೆ, ನಿಮ್ಮ ಕಾವಲುಗಾರ, "ಈ ಮನಿ ಒಳಗೈತ್ರಿ. ಟಿಕೆಟ್ ತಗೊಂಡು ಪಾಳಿ ಹಚ್ರಿ" ಅಂದನಂತೆ. ಅವರು ಹಾಗೇ ಮಾಡಿದ್ದಾರೆ. ಒಳಗೆ ಇಳಕಲ್ ಸೀರೆ ಉಟ್ಟ ನಿಮ್ಮ ಕೆಲಸದ ಹುಡುಗಿ ಕಂಬಳಿ ಹಾಸಿ ಕೂಡಿಸಿ, ಬೆಲ್ಲ-ನೀರು ಕೊಟ್ಟಿದ್ದಾಳೆ. ಹುಡುಗನ ತಾಯಿ ಅವಳಿಗೆ ಉಡಿ ತುಂಬಿದ್ದಾರೆ. ಪಾಳಿಯ ಸಾಲಿನಲ್ಲಿ ಹಿಂದೆ ನಿಂತವರು ದಬ್ಬಿದ್ದರಿಂದ ಹೆಸರು ಕೇಳಲೂ ಪುರಸೊತ್ತಾಗದೆ ಹೊರಬಿದ್ದಿದ್ದಾರೆ.

ನಾವು ಇತ್ತ ಅವಲಕ್ಕಿ ಒಗ್ಗರಣೆ ಹಾಕಿಟ್ಟುಕೊಂಡು ಬಾಗಿಲು ಕಾದೆವು. ಸಂಜೆ ಅವರದೇ ಫೋನ್ ಬಂತು. ನಡೆದದ್ದನ್ನೆಲ್ಲ ಹೇಳಿ, "ಟಿಕೆಟ್ ಇಟ್ಟದ್ದೊಂದು ಸರಿ ಅನಸಲಿಲ್ಲ ನೋಡ್ರಿ. ಆದ್ರ ಫೋಟೋಕ್ಕಿಂತ ಹುಡುಗಿ ಚಂದ ಅದಾಳ. ನಮಗ ಒಪ್ಪಿಗಿ ಐತಿ" ಅಂದರು.

ಶೀತಲ್ ನಗುತ್ತಲೇ ಇದ್ದಾಳೆ. ಉಟ್ಟ ರೇಷ್ಮೆ ಸೀರೆಯನ್ನು ಮಾತ್ರ ಇನ್ನೂ ಬಿಚ್ಚಿಲ್ಲ.

ನಾಳೆ ಆ ಕಾವಲುಗಾರನನ್ನು ನಮ್ಮ ಕಡೆ ಕಳಿಸಿರಿ, ಖರೆ ಮನೆ ಯಾವುದೆಂದು ನೋಡಿಕೊಂಡು ಹೋಗಲಿ. ಹಾಗೇ, ನಿಮ್ಮ ಆ ಹುಡುಗಿಗೆ ಲಗ್ನ ಆಗಿದೆಯೋ ಇಲ್ಲವೋ ತಿಳಿಸಿರಿ. ಮುಂಡರಗಿಯವರಿಗೆ ನಾನಿನ್ನೂ ಉತ್ತರ ಕೊಟ್ಟಿಲ್ಲ.

ಖರೆ ಮನೆಯಿಂದ,
ಶಾರದವ್ವ ಅಂಗಡಿ
ಕಳಸಾಪುರ