ಮಾಳಿಗೆ ಹತ್ತದೆ ಹಾಕಿದ ಸಹಿ

ಮನೆ ಮನೆಯ ಮಾಳಿಗೆಗೂ ಸೂರ್ಯನನ್ನು ಇಳಿಸುವ ಯೋಜನೆಯ ಮೇಲಧಿಕಾರಿಗಳೇ,

ಧಾರವಾಡದ ಹೊಸಯಲ್ಲಾಪುರದ ನಮ್ಮ ಮನೆಯ ಮೇಲೆ ಕೂರಿಸಿದ ಸೋಲಾರ್ ಪ್ಯಾನೆಲ್‌ಗಳೂ ಬ್ಯಾಟರಿಯೂ ‘ತೃಪ್ತಿಕರ’ ಎಂದು ನಿಮ್ಮ ಕಚೇರಿ ಸಹಿ ಹಾಕಿತು. ಸಹಿ ಹಾಕಿದವರು ಮಾಳಿಗೆ ಹತ್ತಿರಲಿಲ್ಲ. ಅದನ್ನು ನಂಬಿದ್ದ ನನ್ನ ಸೋದರತ್ತೆ ದಾಕ್ಷಾಯಿಣಿ ಈಗ ಇಲ್ಲ. ಈ ಪತ್ರವನ್ನು ನಿಮ್ಮ ಮೇಜಿಗೆ ಕಳಿಸದೆ ಊರಿನ ಮುಂದೆ ಇಡುತ್ತಿರುವುದಕ್ಕೆ ಕಾರಣವಿದೆ. ಮೊದಲು ಮೇಜಿಗೆ ಕಳಿಸಿದ್ದ ದೂರಿಗೆ ಉತ್ತರ ಬಂದಿದೆ: ‘ಅಳವಡಿಕೆದಾರರ ಆಯ್ಕೆ ಗ್ರಾಹಕರ ವಿವೇಚನೆಗೆ ಬಿಟ್ಟ ವಿಷಯ.’ ಒಂದೇ ವಾಕ್ಯ. ಕಾಗುಣಿತದ ತಪ್ಪು ಒಂದೂ ಇಲ್ಲ.

ವಿವೇಚನೆ ದೊಡ್ಡ ಮಾತು, ಮಾನ್ಯರೇ. ಅದಕ್ಕೆ ತಿಳಿವಳಿಕೆ ಬೇಕು. ನೀವು ಕೊಟ್ಟದ್ದೇನು? ಕಚೇರಿಯ ಮಾನ್ಯತೆ ಪಡೆದವರ ಹೆಸರು, ವಿಳಾಸ, ದೂರವಾಣಿ. ಅವರು ಕೂರಿಸಿದ ಪ್ಯಾನೆಲ್‌ಗಳು ಒಂದು ಮಳೆಗಾಲ ಕಳೆದ ಮೇಲೆ ಹೇಗಿದ್ದವು, ಕೆಟ್ಟರೆ ಕರೆದ ಕೂಡಲೇ ಬಂದರೋ ಇಲ್ಲವೋ, ಒಂದಕ್ಷರವೂ ಇಲ್ಲ. ನಮ್ಮ ಕಡೆ ಎತ್ತು ಕೊಳ್ಳುವವನು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ. ನಿಮ್ಮ ಪಟ್ಟಿಯಲ್ಲಿ ಎತ್ತಿನ ಹೆಸರು ಮಾತ್ರ ಇದೆ.

ನಿಮ್ಮ ಕರಪತ್ರವನ್ನೂ ನಾನು ಓದಿದ್ದೇನೆ. ಕರಪತ್ರಗಳನ್ನು ಓದಿಯೇ ಬೆಳೆದವಳು ನಾನು. ಬಸ್ ನಿಲ್ದಾಣದಲ್ಲಿ ಕೈಗೆ ಸಿಕ್ಕ ಯಾವ ಹಾಳೆಯನ್ನೂ ಮಡಚಿ ಎಸೆದವಳಲ್ಲ. ನಿಮ್ಮದು ಬಣ್ಣದ ಕಾಗದ. ಮನೆಯ ಮೇಲೆ ಸೂರ್ಯ ನಗುತ್ತಿದ್ದಾನೆ, ಅಂಗಳದಲ್ಲಿ ಕುಟುಂಬ ನಗುತ್ತಿದೆ. ಚಿತ್ರದಲ್ಲಿ ಒಂದೇ ಒಂದು ಮರವಿಲ್ಲ. ಧಾರವಾಡದವರಿಗೆ ಹಂಚುವ ಹಾಳೆಯಲ್ಲಿ ಮರವಿಲ್ಲದ ಮನೆ ಬರೆದವರು ಯಾವ ಊರಿನವರು?

ನಮ್ಮ ಹಿತ್ತಲಲ್ಲಿ ಬಿಲ್ವದ ಮರವಿದೆ. ಅದರ ಪತ್ರಿ ಇಲ್ಲದೆ ಅತ್ತೆಯ ಲಿಂಗಪೂಜೆ ಒಂದು ದಿನವೂ ಆಗಿಲ್ಲ. ಶಿವರಾತ್ರಿಗೆ ಓಣಿಯೆಲ್ಲ ಬುಟ್ಟಿ ಹಿಡಿದು ಬರುತ್ತದೆ, ಯಾರಿಗೂ ಇಲ್ಲ ಎನ್ನುವುದಿಲ್ಲ. ಅತ್ತೆ ಗಂಡ ತೀರಿದ ಮೇಲೆ ತವರಿಗೆ ಬಂದು, ಅಜ್ಜನ ಹತ್ತಿ ಗೋದಾಮಿನ ವ್ಯವಹಾರ ನೋಡಿಕೊಂಡವರು. ಅಲ್ಲಿನ ಧೂಳು ಅವರ ಎದೆಯಲ್ಲಿ ಉಳಿಯಿತು. ಕೊನೆಯ ವರ್ಷಗಳಲ್ಲಿ ಕೋಣೆಯ ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಯಂತ್ರವೊಂದು ಅವರ ಮಂಚದ ಪಕ್ಕದಲ್ಲಿ ನಿಂತಿತು. ನೋಡಲು ಬಂದವರಿಗೆ ಅದನ್ನು ತೋರಿಸಿ, “ಇಂವಾ ನನ್ನ ಎರಡನೇ ಗಂಡ. ಗೊರಕಿ ಬಾಳ, ಆದ್ರ ಕುಡ್ಯಾಂಗಿಲ್ಲ” ಎನ್ನುತ್ತಿದ್ದರು. ಅವರಿಗೆ ಇದ್ದದ್ದು ಒಂದೇ ಆಸೆ, ಆಸ್ಪತ್ರೆಗೆ ಹೋಗಬಾರದು. “ಉಸಿರು ಎಷ್ಟರ ಇರ್ಲಿ, ನನ್ನ ಮನ್ಯಾಗ ಇರ್ಲಿ. ಕೊರಳಾಗ ಲಿಂಗ ಇರ್ಲಿ.” ಕರೆಂಟು ಹೋದಾಗ ಯಂತ್ರ ನಿಲ್ಲಬಾರದೆಂದೇ ನಾವು ಸೋಲಾರ್ ಮತ್ತು ಬ್ಯಾಟರಿಯ ಯೋಚನೆ ಮಾಡಿದ್ದು.

ಮೊದಲು ಬಂದವರು ಶಮೀಮ. ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಸ್ವಂತ ಅಂಗಡಿ ಇಟ್ಟವರು, ನಿಮ್ಮ ಪಟ್ಟಿಯಲ್ಲೂ ಇದ್ದವರು. ಚಹಾ ಮುಟ್ಟದೆ ನೇರ ಮಾಳಿಗೆ ಹತ್ತಿದರು. ಅಪ್ಪ ಏದುತ್ತ ಹಿಂದೆ ಹೋದರು, ನಾನೂ ಹೋದೆ.

“ಈ ಗಿಡ ಆಷಾಢದಾಗ ಹೆಂಗಿರ್ತೈತ್ರಿ?” ಎಂದು ಕೇಳಿದರು.

“ಏನ್ ಕೇಳ್ತೀರಿ, ಅದರ ಕೆಳಗ ನಿಂತ್ರ ಆಕಾಶನ ಕಾಣಂಗಿಲ್ಲ” ಎಂದರು ಅಪ್ಪ, ಹೆಮ್ಮೆಯಿಂದ.

“ಹಂಗಾದ್ರ ಈ ಕಡೆ ಆಗಂಗಿಲ್ರಿ. ಮಧ್ಯಾಹ್ನ ಆದಮ್ಯಾಲೆ ನೆರಳು ಬೀಳ್ತೈತಿ. ಪ್ಯಾನೆಲ್ ಅಂದ್ರ ಬಂಡಿ ಎತ್ತು ಇದ್ದಂಗ, ಒಂದು ಮಲಕೊಂಡ್ರ ಬಂಡೀನ ನಿಲ್ತೈತಿ. ಈ ಟೊಂಗಿ ಕಡಸ್ರಿ. ಇಲ್ಲಾಂದ್ರ ಮುಂದಿನ ಮಾಳಗಿ ಮ್ಯಾಲ ಅರ್ಧ ಹಾಕ್ತೀನಿ. ಆದ್ರ ಅರ್ಧದಾಗ ಮಷಿನ್ ನಂಬಾಕ ಆಗಂಗಿಲ್ಲ, ಆಕ್ಸಿಜನ್ ಸಿಲಿಂಡರ್ ಮನ್ಯಾಗ ಇಟಗೊಳ್ರಿ.”

“ಪತ್ರಿ ಗಿಡಕ್ಕ ಕೊಡ್ಲಿ ಹಚ್ಚೂದೇನ್ರಿ?”

“ನಾ ಹಚ್ಚ್ರಿ ಅಂದಿಲ್ಲ. ಹಚ್ಚಲಿಲ್ಲಂದ್ರ ಏನಾಗ್ತೈತಿ ಅದನ್ನ ಹೇಳೀನಿ.”

ಅವರು ಹೋದ ಮೇಲೆ ಅಪ್ಪ ಪಡಸಾಲೆಯಲ್ಲಿ ಕೂತು, “ಮಾತು ಬಾಳ ಬಿರುಸು. ಚಾ ಸುದ್ದಾ ಕುಡೀಲಿಲ್ಲ” ಎಂದರು. “ಕುಡೀಲಿಲ್ಲಂದ್ರ ಉಳೀತಲ್ಲೋ, ಇಲ್ಲಿ ತಾ” ಎಂದರು ಅತ್ತೆ.

ನಮ್ಮ ನಾಡಿನ ಒಂದು ನಡವಳಿಕೆ ನಿಮಗೆ ತಿಳಿದಿರಬಹುದು, ತಿಳಿಯದಿದ್ದರೆ ಈಗ ಕೇಳಿ. ಮನೆಗೆ ಬಂದವನು ಮುಖದ ಮೇಲೆ ‘ಆಗಂಗಿಲ್ಲ’ ಎಂದರೆ ನಾವು ಅವನನ್ನು ಒರಟ ಎನ್ನುತ್ತೇವೆ. ‘ಆಗ್ತೈತ್ರಿ’ ಎಂದವನನ್ನು ಛಲೋ ಮನಿತನದವನು ಎನ್ನುತ್ತೇವೆ. ಹೆಣ್ಣು ಕೊಡುವಾಗ, ಹೊಲ ಪಾಲಿಗೆ ಹಾಕುವಾಗ, ಮದುವೆಯ ಅಡುಗೆಯವನನ್ನು ಗೊತ್ತು ಮಾಡುವಾಗ ಇದೇ ನಮ್ಮ ತಕ್ಕಡಿ. ಅದೇ ತಕ್ಕಡಿಯಲ್ಲಿ ನಾವು ಉಸಿರನ್ನೂ ತೂಗಿದೆವು. ಬೇರೆ ತಕ್ಕಡಿಯನ್ನು ನಮ್ಮ ಕೈಗೆ ಕೊಟ್ಟವರು ಯಾರಿದ್ದರು?

ಶಿವರಾತ್ರಿಯ ಮರುವಾರ ಶಿವಯೋಗೀಶ ಬಂದರು. ತಾರಿಹಾಳದ ಕಡೆ ಗೋದಾಮು, ಹಣೆಯಲ್ಲಿ ವಿಭೂತಿ, ನಿಮ್ಮದೇ ಪಟ್ಟಿಯ ಇನ್ನೊಂದು ಹೆಸರು. ಅತ್ತೆಯ ಪಾದ ಮುಟ್ಟಿದರು. ಎರಡು ಸಲ ಚಹಾ ಕುಡಿದರು. ಆಗ ಮರ ಬೋಳಾಗಿತ್ತು. ಓಣಿಯವರು ತರಿದದ್ದು ತರಿದು, ಉಳಿದ ಎಲೆ ತಾನಾಗಿ ಉದುರುವ ಕಾಲ.

“ಪತ್ರಿ ಗಿಡಕ್ಕ ಕೈ ಹಚ್ಚೂದು ಬ್ಯಾಡ್ರಿ ಕಾಕಾ. ಆಗ್ತೈತ್ರಿ” ಎಂದರು.

“ನೆರಳು ಬೀಳ್ತೈತಿ ಅಂದಿದ್ರು ಒಬ್ರು” ಎಂದೆ ನಾನು.

“ಎಲ್ಲೈತ್ರಿ ನೆರಳು? ನೋಡ್ರಿ ನೀವ.” ನೋಡಿದರೆ, ನಿಜಕ್ಕೂ ಇರಲಿಲ್ಲ.

ಅತ್ತೆ ಮಂಚದಿಂದಲೇ ಕೇಳಿದರು, “ತಮ್ಮಾ, ಲೈಟ್ ಹ್ವಾದ್ರ ನನ್ನ ಮಷಿನ್ ಎಷ್ಟೊತ್ತು ನಡೀತೈತಿ?”

“ನಡೀತೈತ್ರಿ ಅವ್ವಾರ. ನೀವು ಆರಾಮ ಇರ್ರಿ. ಬ್ಯಾಟರಿಗೆ ಲೈನಿನ ಕರೆಂಟ್ ಒಂದು ಹನಿ ಬ್ಯಾಡ, ಬರೇ ಸೂರ್ಯನ ಮ್ಯಾಲ ತುಂಬೂ ಹಂಗ ಇಡ್ತೀನಿ. ಸಿಲಿಂಡರ್ ಯಾಕ ಬೇಕ್ರಿ ಇನ್ನ?”

ಎಷ್ಟು ಹೊತ್ತು ಎಂದು ಕೇಳಿದವರಿಗೆ ಆರಾಮವಾಗಿರಿ ಎಂಬುದು ಉತ್ತರವಲ್ಲ. ಆದರೆ ಕೇಳಲು ಹಿತವಾಗಿತ್ತು. ಅಲ್ಲಿಯವರೆಗೆ ಬಾಡಿಗೆಗೆ ಇಟ್ಟುಕೊಂಡಿದ್ದ ಸಿಲಿಂಡರನ್ನು ಹಿಂತಿರುಗಿಸಿದೆವು.

ಹಿತ್ತಲಿನ ಕಡೆಯೇ ಪ್ಯಾನೆಲ್ ಕೂರಿಸಿದ ಮೇಲೆ, ಮೀಟರ್ ಬದಲಿಸುವ ದಿನ ನಿಮ್ಮ ಕಚೇರಿಯವರು ಬಂದರು. ಕೆಳಗೆ ಮೀಟರ್ ನೋಡಿದರು. ಮೇಲೆ ಬನ್ನಿ ಎಂದೆ. “ಫೋಟೋ ಬಂದೈತಲ್ಲವಾ, ಸಾಕು” ಎಂದು ಮೊಬೈಲ್ ತೋರಿಸಿ ಸಹಿ ಹಾಕಿದರು. ಹತ್ತಿದ್ದರೆ ಏನು ಕಾಣುತ್ತಿತ್ತು, ಎಲೆಯೇ ಇರಲಿಲ್ಲವಲ್ಲ ಎಂದು ನೀವು ಕೇಳಬಹುದು. ಎಲೆ ಇಲ್ಲದ ಮರವೂ ಮರವೇ, ಮಾನ್ಯರೇ. ಬೋಳು ಮರದ ಪಕ್ಕ ನಿಂತು ಅದರ ಮಳೆಗಾಲವನ್ನು ಊಹಿಸುವವನನ್ನೇ ತಿಳಿದವನು ಎನ್ನುವುದು. ಫೋಟೋಕ್ಕೆ ಮಳೆಗಾಲ ಗೊತ್ತಿಲ್ಲ.

ಬೇಸಿಗೆಯಲ್ಲಿ ಎಲ್ಲವೂ ಸೊಗಸಾಗಿ ನಡೆಯಿತು. ಕರೆಂಟು ಹೋದರೆ ಅತ್ತೆಗೆ ಗೊತ್ತೇ ಆಗುತ್ತಿರಲಿಲ್ಲ. ಅಪ್ಪ ಬಂದವರಿಗೆಲ್ಲ ಶಿವಯೋಗೀಶರ ನಂಬರ್ ಕೊಟ್ಟರು. ಆಮೇಲೆ ಮರ ಚಿಗುರಿತು. ದಿನದಿಂದ ದಿನಕ್ಕೆ ನೆರಳು ದಟ್ಟವಾಗುತ್ತ ಹೋದದ್ದನ್ನು ಕೆಳಗಿದ್ದ ನಾವು ಯಾರೂ ಕಾಣಲಿಲ್ಲ. ನಮಗೆ ಕಂಡದ್ದು ಪೂಜೆಗೆ ಬಂದ ಎಳೆಯ ಪತ್ರಿ.

ಕಳೆದ ಆಷಾಢದ ಒಂದು ಮಧ್ಯಾಹ್ನ, ಜಡಿಮಳೆಯಲ್ಲಿ ಎಲ್ಲೋ ತಂತಿ ಹರಿದು ಬಡಾವಣೆಯ ಕರೆಂಟು ಹೋಯಿತು. ಮೊದಲು ಯಾರೂ ಗಾಬರಿಯಾಗಲಿಲ್ಲ. ನಾನು ಅತ್ತೆಗೆ ಗಂಜಿ ಕುಡಿಸುತ್ತಿದ್ದೆ. ಗಂಜಿ ಮುಗಿಯುವ ಮೊದಲೇ ಬ್ಯಾಟರಿ ಕೂಗಿಕೊಂಡು ನಿಂತಿತು, ಯಂತ್ರವೂ ನಿಂತಿತು. ಕೋಣೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಪ್ಪ ಸಿಲಿಂಡರಿನವರಿಗೆ ಫೋನು ಮಾಡಿದರು, ರಸ್ತೆಯಲ್ಲಿ ನೀರು, ಬರಲಾಗದು ಎಂದರು ಅವರು. ಅತ್ತೆಯ ತುಟಿ ನೀಲಿಯಾಗುತ್ತಿತ್ತು. ಆಂಬುಲೆನ್ಸ್ ಬಂದಿತು. ಅವರನ್ನು ಎತ್ತಿ ಒಳಗೆ ಮಲಗಿಸುವಾಗ ಮಾಸ್ಕ್ ಸರಿಸಿ ಅಪ್ಪನಿಗೆ ಹೇಳಿದ್ದು ಇಷ್ಟು: “ಬಸವಪ್ರಭು, ಆ ಹುಡುಗಗ ಬೈಬ್ಯಾಡ. ಛಲೋ ಹುಡುಗ ಅಂವಾ.”

ಅವರು ಮನೆಗೆ ಮರಳಲಿಲ್ಲ. ತೀವ್ರ ನಿಗಾ ಘಟಕದ ನಿಯಮದಂತೆ ಮೈಮೇಲಿನದನ್ನೆಲ್ಲ ತೆಗೆದಿದ್ದರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ದಾದಿ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಅವರದು ತಪ್ಪಿಲ್ಲ, ಮೆಲ್ಲಗೇ ಕೊಟ್ಟರು. ಲಿಂಗ ಕಟ್ಟಿದ ದಿನದಿಂದ ಸ್ನಾನದಲ್ಲೂ ನಿದ್ದೆಯಲ್ಲೂ ಮೈಬಿಟ್ಟು ಇರದಿದ್ದದ್ದು ಗಾಜಿನ ಬಾಗಿಲಿನ ಹೊರಗೆ ನನ್ನ ಮಡಿಲಲ್ಲಿತ್ತು. ಅತ್ತೆ ಒಳಗಿದ್ದರು. ಹಾಗೆಯೇ ಹೋದರು.

ಶಿವಯೋಗೀಶ ಅತ್ತೆಯ ಮಣ್ಣಿಗೆ ಬಂದಿದ್ದರು. ಅಪ್ಪನ ಮುಂದೆ ನಿಂತು ಅತ್ತರು. “ಕಾಕಾ, ನೆರಳು ಬೀಳ್ತೈತಿ ಅಂತ ನನಗೂ ಅನಿಸಿತ್ರಿ. ನಿಮಗ ಇಲ್ಲ ಅನ್ನಾಕ ಬಾಯಿ ಬರಲಿಲ್ಲ.” ಅಪ್ಪ ಬೈಯಲಿಲ್ಲ. ನಾನು ಬೈಯಬೇಕೆಂದಿದ್ದೆ, ಆಗಲಿಲ್ಲ. ಆ ಮನುಷ್ಯ ಮೋಸಗಾರನಾಗಿದ್ದರೆ ನನ್ನ ದುಃಖಕ್ಕೆ ಒಂದು ಗೋಡೆಯಾದರೂ ಸಿಗುತ್ತಿತ್ತು. ಅವನೂ ನಮ್ಮಂಥವನೇ.

ಆದ್ದರಿಂದಲೇ ನಿಮ್ಮನ್ನು ಕೇಳುತ್ತಿದ್ದೇನೆ. ನೆಂಟಸ್ತಿಕೆ, ದಾಕ್ಷಿಣ್ಯ, ಚಹಾ ಇವು ಯಾವುವೂ ಇಲ್ಲದ ಒಬ್ಬರಾದರೂ ಈ ವ್ಯವಹಾರದಲ್ಲಿ ಇರಬೇಕಲ್ಲವೇ? ಸರಕಾರಿ ಕಚೇರಿ ಎಂಬುದು ಇರುವುದು ಅದಕ್ಕೇ ಎಂದು ನಾನು ಓದಿ ತಿಳಿದಿದ್ದೆ. ನಮ್ಮ ಬಾಯಿಂದ ಬಾರದ ‘ಇಲ್ಲ’ವನ್ನು ಹೇಳಲು ಸಂಬಳ ಪಡೆಯುವವರು ನೀವು. ನೀವೂ ‘ಆಗ್ತೈತಿ’ ಎಂದುಬಿಟ್ಟಿರಿ, ಅದೂ ಮೆಟ್ಟಿಲ ಕೆಳಗೆ ನಿಂತು.

ಅತ್ತೆಗಾಗಿ ನಾನು ಏನನ್ನೂ ಕೇಳುತ್ತಿಲ್ಲ. ಅವರ ಯಂತ್ರವನ್ನು ಹಿಂದಿನ ಓಣಿಯ ಸಾವಕ್ಕನಿಗೆ ಕೊಟ್ಟಿದ್ದೇವೆ, ಅವರಿಗೂ ಅದೇ ಬೇನೆ. ಅವರ ಗಂಡ ಉಳವಪ್ಪ ಕಳೆದ ಸೋಮವಾರ ನಿಮ್ಮ ಪಟ್ಟಿ ಹಿಡಿದು ಬಂದಿದ್ದರು. “ಇದರಾಗ ಯಾರಿಗೆ ಹೇಳೂಣ್ರಿ ಗೌಡ್ರ?” ಎಂದು ಅಪ್ಪನನ್ನು ಕೇಳಿದರು. ಅಪ್ಪ ಪಟ್ಟಿಯ ಮೇಲೆ ಬೆರಳಿಟ್ಟು, “ಗೋಕುಲ ರಸ್ತೆದಾಗ ಒಬ್ಬಾಕಿ ಅದಾಳ, ಬಾಯಿ ಬಿರುಸು. ಆಕಿ ಏನಂತಾಳ ಮೊದಲ ಅದನ್ನ ಕೇಳ್ರಿ” ಎಂದರು. ಊರಿನ ಎಲ್ಲರೂ ಇಷ್ಟನ್ನು ತಿಳಿಯಲು ಇಷ್ಟು ದೊಡ್ಡ ಬೆಲೆ ಕೊಡಬೇಕೇ?

ನನ್ನ ಬೇಡಿಕೆ ದೊಡ್ಡದಲ್ಲ. ಪಟ್ಟಿಯ ಪ್ರತಿ ಹೆಸರಿನ ಮುಂದೆ, ಅವರು ಕೂರಿಸಿದ್ದು ಮಳೆಗಾಲ ದಾಟಿತೋ ಇಲ್ಲವೋ ಬರೆಯಿರಿ. ರೋಗಿಯಿರುವ ಮನೆಗೆ, ಕರೆಂಟು ಹೋದರೆ ಯಂತ್ರ ಎಷ್ಟು ಹೊತ್ತು ನಡೆಯುತ್ತದೆಂದು ಅಳವಡಿಕೆದಾರನಿಂದ ಬರೆಸಿ, ನಿಮ್ಮವರು ಅದನ್ನು ನಡೆಸಿ ನೋಡಲಿ. ಇವೆಲ್ಲಕ್ಕೆ ಸಭೆ, ಸುತ್ತೋಲೆ, ವರ್ಷ ಬೇಕೆಂದು ನನಗೆ ಗೊತ್ತು. ಆದರೆ ಉಳವಪ್ಪನ ಹಿತ್ತಲಲ್ಲಿ ಹುಣಸೆ ಮರವಿದೆ, ಮಳೆಗಾಲ ಹತ್ತಿರವಿದೆ, ಸಾವಕ್ಕ ಇನ್ನೂ ಉಸಿರಾಡುತ್ತಿದ್ದಾರೆ. ಅವರ ಮನೆಗಾದರೂ ಮೆಟ್ಟಿಲು ಹತ್ತಬಲ್ಲ ಒಬ್ಬರನ್ನು ಕಳಿಸಿ.

ಇಂತಿ,
ಅತ್ತೆಯ ಕೋಣೆಯ ಬಾಗಿಲನ್ನು ಇನ್ನೂ ಸದ್ದಾಗದಂತೆ ತೆರೆಯುವ
ಐಶ್ವರ್ಯಾ,
ಹೊಸಯಲ್ಲಾಪುರ, ಧಾರವಾಡ